ಕಡಲಂಚಿನ ಚೆಂಡಾಟ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ನಾವಿಬ್ಬರು ಅಣ್ಣತಮ್ಮಂದಿರು. ಎದ್ದು ನಿಂತವನು ಒಬ್ಬನಾದರೂ ಮಾತು ಇಬ್ಬರದು. ನಾವು ಹೋದ ವರ್ಷ ಇಂಗ್ಲೆಂಡಿಗೆ ಹೋಗಿಬಂದ ಸುದ್ದಿ ಕಾರ್ಯದರ್ಶಿಗಳ ಕಿವಿಗೆ ಬಿದ್ದದ್ದೇ ತಡ, ಏನಾದರೂ ಹೇಳಲೇಬೇಕೆಂದು ಅಪ್ಪಣೆಯಾಯಿತು. ಲಂಡನ್ನಿನ ಸೇತುವೆ, ಗಡಿಯಾರದ ಗೋಪುರಗಳನ್ನು ತಾವು ಕಂಡೋ ಕೇಳಿಯೋ ಬಲ್ಲಿರಿ. ಆದ್ದರಿಂದ ನಾವು ಗಾಲ್ಫ್ ಆಡಿದ ಕಡಲಂಚಿನ ಎರಡು ಬಯಲುಗಳ ವಿಚಾರ ಹೇಳುತ್ತೇವೆ. ಅದು ದೊಡ್ಡವರ ಆಟ, ನಮಗೇಕೆ ಎನ್ನಬೇಡಿ. ನಮ್ಮ ಮನೆಗೂ ಆ ಆಟಕ್ಕೂ ಒಂದು ಹಳೆಯ ನಂಟಿದೆ. ಅದನ್ನು ಆಮೇಲೆ ಅರಿಕೆಮಾಡುತ್ತೇವೆ.

ಇಂಥ ಬಯಲಿಗೆ ಇಂಗ್ಲಿಷಿನಲ್ಲಿ 'ಲಿಂಕ್ಸ್' ಎಂದು ಹೆಸರು. ಕೊಂಡಿ ಎಂಬರ್ಥದ ಮಾತಲ್ಲ ಅದು. ಏರುದಿಣ್ಣೆ ಎಂಬರ್ಥದ ಪ್ರಾಚೀನ ಪದದಿಂದ ಬಂದದ್ದು. ಕಡಲಿಗೂ ಉಳುವ ಹೊಲಕ್ಕೂ ನಡುವೆ ಗಾಳಿ ತೂರಿ ಕೂಡಿಸಿದ ಮರಳುದಿಬ್ಬಗಳ ನೆಲ. 'ಹೊಯಿಗೆ' ಎಂದರೆ ನಮ್ಮ ಕರಾವಳಿಯ ಬಂಧುಗಳಿಗೆ ಕೂಡಲೆ ಕಣ್ಣಿಗೆ ಕಟ್ಟೀತು. ಮಳೆನೀರು ಅಲ್ಲಿ ನಿಲ್ಲದು. ಹುಲ್ಲು ಗಿಡ್ಡ, ಬಿಗಿ. ಮರಗಳಿಲ್ಲವಾಗಿ ಗಾಳಿಗೆ ತಡೆಯಿಲ್ಲ. ಪೈರಿಗೆ ಬಾರದ ನೆಲ ಆಟಕ್ಕೆ ಒದಗಿತು.

ಮೊದಲು ಹೋದದ್ದು ಲಿವರ್‌ಪೂಲಿನ ಸಮೀಪದ ಹೊಯ್‌ಲೇಕಿಗೆ. ಕುದುರೆ ಜೂಜಿನ ಬಯಲಿನಲ್ಲಿ 1869ರಲ್ಲಿ ಆರಂಭವಾದ ರಾಯಲ್ ಲಿವರ್‌ಪೂಲ್ ಕ್ಲಬ್ಬು ಅದು. 1930ರಲ್ಲಿ ಅಮೆರಿಕದ ಬಾಬಿ ಜೋನ್ಸ್ ಒಂದೇ ವರ್ಷದಲ್ಲಿ ನಾಲ್ಕು ಮಹಾಸ್ಪರ್ಧೆಗಳನ್ನು ಗೆದ್ದಾಗ ಅವುಗಳಲ್ಲೊಂದನ್ನು ಗೆದ್ದದ್ದು ಇಲ್ಲಿಯೇ. ನೋಟಕ್ಕೆ ಅಂಗೈಯಂತೆ ಚಪ್ಪಟೆ. ಆಡಲು ನಿಂತರೆ ಗಾಳಿಯೇ ಎದುರಾಳಿ. ನಾವು ಎಡಕ್ಕೆ ಹೊಡೆದ ಚೆಂಡು ಬಲಕ್ಕೆ ಹೋಗಿ ಬಿದ್ದಿತು. ನಮ್ಮ ಹೊಡೆತಗಳ ಲೆಕ್ಕವನ್ನು ಈ ಸಭೆಯಲ್ಲಿ ಬಹಿರಂಗಪಡಿಸುವ ಧೈರ್ಯ ನಮಗಿಲ್ಲ.

ಅಲ್ಲಿಂದ ಡೆವನ್ ಪ್ರಾಂತದ ವೆಸ್ಟ್‌ವರ್ಡ್ ಹೋ ಎಂಬ ಊರಿಗೆ ಹೋದೆವು. ಕಾದಂಬರಿಯೊಂದರ ಹೆಸರನ್ನು ಹೊತ್ತ ಊರು. ನಮ್ಮ ಮುಂಬಯಿಯಲ್ಲಿ 1865ರಲ್ಲಿ ಹುಟ್ಟಿದ ರಡ್ಯಾರ್ಡ್ ಕಿಪ್ಲಿಂಗ್ ಓದಿದ ಶಾಲೆ ಅಲ್ಲಿತ್ತು. ಅಲ್ಲಿನ ರಾಯಲ್ ನಾರ್ತ್ ಡೆವನ್ ಕ್ಲಬ್ಬು 1864ರದು. ಮೊದಲಿನಿಂದ ಒಂದೇ ನೆಲದಲ್ಲಿ ಆಟ ನಡೆದುಬಂದಿರುವ ಇಂಗ್ಲೆಂಡಿನ ಬಯಲುಗಳಲ್ಲಿ ಇದೇ ಅತ್ಯಂತ ಹಳೆಯದು. ಕಲ್ಕತ್ತೆಯ ಕ್ಲಬ್ಬು ಇದಕ್ಕಿಂತ 35 ವರ್ಷ ಹಿರಿದು, 1829ರದು. ನಮ್ಮ ಬೆಂಗಳೂರಿನದು 12 ವರ್ಷ ಕಿರಿದು, 1876ರದು ಎಂದರೆ ತಮಗೆ ಆಶ್ಚರ್ಯವಾದೀತು.

ಆ ಬಯಲು ಕ್ಲಬ್ಬಿನವರ ಬೇಲಿಯೊಳಗಿನ ಸ್ವತ್ತಲ್ಲ. ನಾರ್ತಮ್ ಊರಿನವರಿಗೆ ಅಲ್ಲಿ ಕುರಿ, ಕುದುರೆ ಮೇಯಿಸುವ ಹಕ್ಕು ತಲೆತಲಾಂತರದಿಂದ ಇದೆ. ನಮ್ಮ ಹಳ್ಳಿಯ ಗೋಮಾಳವೇ ಸರಿ. ನಾವು ಕೋಲೆತ್ತಿದಾಗ ಎದುರಿಗೆ ಕುರಿಯೊಂದು ನಿಂತು ಮೆಲುಕು ಹಾಕುತ್ತಿತ್ತು. ಅದು ಸರಿಯುವ ತನಕ ನಾವೇ ಕಾದೆವು. ನಾಲ್ಕನೆಯ ಕುಳಿಯ ದಾರಿಯಲ್ಲಿ ರೈಲುಹಳಿಯ ಮರದ ದಿಮ್ಮಿಗಳನ್ನು ಗೋಡೆಯಂತೆ ನಿಲ್ಲಿಸಿದ ಭಾರಿ ಮರಳುಗುಂಡಿ. ಅದನ್ನು ದಾಟಿ ಮುಂದೆ ಹೋದರೆ ಸೂಜಿಮೊನೆಯ ಜೊಂಡು. ಅದರೊಳಗೆ ಹೊಕ್ಕ ಚೆಂಡಿನ ಆಸೆಯನ್ನು ಬಿಟ್ಟುಬಿಡಬೇಕು.

ನಾವು ಅಷ್ಟು ದೂರ ಹೋದದ್ದು ಒಬ್ಬ ಹುಡುಗನಿಗಾಗಿ. 1871ರಲ್ಲಿ ನಾರ್ತಮಿನ ಬಡ ಮನೆಯಲ್ಲಿ ಹುಟ್ಟಿದ ಜೆ. ಎಚ್. ಟೇಲರ್, ಎಳೆತನದಲ್ಲಿಯೇ ತಂದೆಯನ್ನು ಕಳೆದುಕೊಂಡು, ಇದೇ ಬಯಲಿನಲ್ಲಿ ಆಟಗಾರರ ಕೋಲಿನ ಚೀಲ ಹೊರುತ್ತಿದ್ದವರು. ಓಪನ್ ಸ್ಪರ್ಧೆ ಮೊದಲ ಸಲ ಸ್ಕಾಟ್ಲೆಂಡ್ ಬಿಟ್ಟು 1894ರಲ್ಲಿ ಇಂಗ್ಲೆಂಡಿನ ಸ್ಯಾಂಡ್ವಿಚ್ಚಿಗೆ ಬಂದಾಗ ಗೆದ್ದವರು ಅವರೇ. 1895, 1900, 1909ರಲ್ಲಿ ಮತ್ತೆ ಗೆದ್ದರು; 1913ರಲ್ಲಿ ಐದನೆಯ ಸಲ, ಆ ಹೊಯ್‌ಲೇಕಿನಲ್ಲಿಯೇ. 1901ರಲ್ಲಿ ವೃತ್ತಿ ಆಟಗಾರರ ಸಂಘ ಕಟ್ಟಲು ಮುಂದಾಳಾದರು. ಕೂಲಿಕಾರರೂ ಆಡಲೆಂದು ಸಾರ್ವಜನಿಕ ಬಯಲುಗಳಿಗಾಗಿ ದುಡಿದರು. ಚೀಲ ಹೊತ್ತ ಕ್ಲಬ್ಬಿಗೇ 1957ರಲ್ಲಿ ಅಧ್ಯಕ್ಷರಾಗಿ, 1963ರಲ್ಲಿ ಹುಟ್ಟಿದೂರಿನಲ್ಲಿಯೇ ತೀರಿಕೊಂಡರು.

ಈಗ ನಮ್ಮ ಮನೆಯ ಮಾತು. ನಮ್ಮ ತಂದೆಯವರು ಈ ನಗರಕ್ಕೆ ಬರುವ ಮುನ್ನ ಹುಡುಗನಾಗಿದ್ದಾಗ ಒಂದು ಗಾಲ್ಫ್ ಮೈದಾನದಲ್ಲಿ ಚೀಲ ಹೊರುತ್ತಿದ್ದರು. ಅದರ ಹೆಸರು ಇಲ್ಲಿ ಬೇಡ. ಆರು ವರ್ಷ ಹೊತ್ತರೂ ಒಂದು ಚೆಂಡನ್ನಾದರೂ ಹೊಡೆಯಲು ಅವರಿಗೆ ಅಪ್ಪಣೆಯಿರಲಿಲ್ಲ. ನೀರು ಕುಡಿಯಲು ಹಿಂದಿನ ಬಾಗಿಲು. ಇದನ್ನು ಅವರು ನಮಗೆ ಒಮ್ಮೆ ಮಾತ್ರ ಹೇಳಿದರು, ಅದೂ ನಗುತ್ತ. ನಾವು ಕಚೇರಿಯ ಗೆಳೆಯರ ಜೊತೆ ಆಟ ಕಲಿತು ಬಂದ ದಿನ, "ಚೀಲ ಯಾರು ಹೊತ್ತರು?" ಎಂದು ಕೇಳಿದ್ದರು. ನಾವು ಉತ್ತರ ಕೊಡಲಿಲ್ಲ. ಅವರು ಹೋಗಿ ಈಗ ನಾಲ್ಕು ವರ್ಷ. ವೆಸ್ಟ್‌ವರ್ಡ್ ಹೋದಲ್ಲಿ ನಮ್ಮ ಚೀಲಗಳನ್ನು ನಾವೇ ಹೊತ್ತೆವು. ಒಂಬತ್ತನೆಯ ಕುಳಿ ಮುಟ್ಟುವ ಹೊತ್ತಿಗೆ ಹೆಗಲು ಕೆಂಪಾಗಿತ್ತು. ಉತ್ತರ ಕೊಟ್ಟಂತಾಯಿತೆ? ತಡವಾಗಿ, ಅಷ್ಟೆ.

ಆ ಬಯಲಿಗೂ ಕಡಲಿಗೂ ನಡುವೆ ಉರುಟುಗಲ್ಲುಗಳ ಒಂದು ಉದ್ದ ದಿಬ್ಬವಿದೆ. ಚಳಿಗಾಲದ ಅಲೆಗಳು ಆ ಕಲ್ಲುಗಳನ್ನು ಚೆಲ್ಲಾಡಿದಾಗ, ಮೇಯಿಸುವ ಹಕ್ಕುಳ್ಳ ಊರವರು ಕೂಡಿಬಂದು ಅವನ್ನು ಎತ್ತಿ ಮತ್ತೆ ದಿಬ್ಬಕ್ಕೆ ಎಸೆಯುವ ವಾಡಿಕೆಯಿತ್ತು. ಹಕ್ಕಿನ ಜೊತೆಗೆ ದುಡಿಮೆಯೂ ಬಂದಿತ್ತು. ಆದರೂ ಕಡಲು ಮುಂದೊತ್ತಿ ಬರುತ್ತಿದೆ. ಇತ್ತೀಚಿನ ವರ್ಷಗಳ ಬಿರುಗಾಳಿಗಳಲ್ಲಿ ಎಂಟನೆಯ ಕುಳಿಯ ಬಳಿ ನೆಲ ಕೊರೆದುಹೋಗಿದೆ. ಉಳ್ಳಾಲದ ಕಡಲ್ಕೊರೆತ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಮ್ಮ ಮಕ್ಕಳು ಅಲ್ಲಿಗೆ ಹೋದಾಗ ನಾವು ನಿಂತ ಜಾಗ ನೀರೊಳಗಿದ್ದೀತು.

ಆಟ ಮುಗಿದ ಮೇಲೆ ನಾವಿಬ್ಬರೂ ಆ ದಿಬ್ಬಕ್ಕೆ ಹೋಗಿ, ಕೆಳಗೆ ಜಾರಿದ್ದ ಒಂದೊಂದು ಕಲ್ಲನ್ನು ಎತ್ತಿ ಮೇಲಿಟ್ಟು ಬಂದೆವು. ಎರಡು ಕಲ್ಲಿನಿಂದ ಕಡಲು ನಿಲ್ಲದೆಂದು ಬಲ್ಲೆವು. ಪರಸ್ಥಳದಲ್ಲಿ ಕನ್ನಡ ಸಂಘ ನಡೆಸುವ ತಮಗೆ ಅದು ಹುಚ್ಚೆನಿಸಲಾರದು ಎಂದು ನಂಬಿದ್ದೇವೆ.