ತಲೆ ಎಣಿಕೆಯ ಆಚೆಗೆ: ಗಣಿ ಸಂಶೋಧಕರ ಲೆಕ್ಕ



ಯಾವ ದೇಶದ ಗಣಿ ಉದ್ಯಮದಲ್ಲಿ ಎಷ್ಟು ಮಂದಿ ಸಂಶೋಧಕರಿದ್ದಾರೆ ಎಂಬ ಕೋಷ್ಟಕ ಈ ವಿಚಾರಸಂಕಿರಣದಲ್ಲಿ ಮತ್ತೆ ಮತ್ತೆ ನಮ್ಮೆದುರು ಬರಲಿದೆ. ಸಂಶೋಧನೆಯ ಅಂಕಿಅಂಶ ಸಂಗ್ರಹಕ್ಕೆ ಮಾರ್ಗದರ್ಶಿಯಾದ 1963ರ ಫ್ರಸ್ಕಾತಿ ಕೈಪಿಡಿ ಇಂಥ ಎಣಿಕೆಗೆ ಒಂದು ಶಿಸ್ತು ತಂದಿತು. ಅರ್ಧ ಹೊತ್ತು ಪಾಠ, ಅರ್ಧ ಹೊತ್ತು ಸಂಶೋಧನೆ ಮಾಡುವವರನ್ನು ಪೂರ್ಣಾವಧಿಯ ಅರ್ಧವೆಂದೇ ಎಣಿಸುವ ಕ್ರಮ ಇಂದು ರೂಢಿಯಲ್ಲಿದೆ. ಆದರೂ ಗಣಿಗಾಗಿ ದುಡಿಯುವವರೆಲ್ಲ ಗಣಿಯ ಖಾತೆಗೆ ಬರುವುದಿಲ್ಲ. ಸ್ವೀಡನ್ನಿನಲ್ಲಿ ಬಂಡೆ ಕೊರೆಯುವ ಯಂತ್ರ ರೂಪಿಸುವವರು ಸಾಮಾನ್ಯವಾಗಿ ತಯಾರಿಕಾ ವಲಯಕ್ಕೆ ಸೇರುತ್ತಾರೆ, ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಅದಿರು ತಜ್ಞರು ಉನ್ನತ ಶಿಕ್ಷಣಕ್ಕೆ, ಧನಬಾದಿನ ಕೇಂದ್ರೀಯ ಗಣಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಸರ್ಕಾರಕ್ಕೆ. ಹೀಗಾಗಿ ಒಂದು ದೇಶದ ಸಾಲಿನಲ್ಲಿ ಸಣ್ಣ ಅಂಕಿ ಕಂಡೊಡನೆ ಅಲ್ಲಿ ಸಂಶೋಧನೆಯೇ ಬಡವಾಗಿದೆ ಎನ್ನಲಾಗದು. ಸಂಶೋಧಕರು ಗಣಿಗೆ ಎಷ್ಟು ಹತ್ತಿರವಿದ್ದಾರೆ, ಒಂದೇ ಸಮಸ್ಯೆಯ ಬೆನ್ನು ಹತ್ತಿ ಎಷ್ಟು ವರ್ಷ ನಿಲ್ಲಬಲ್ಲರು ಎಂಬುದರಿಂದಲೇ ಹೋಲಿಕೆಗೆ ಅರ್ಥ ಬರುತ್ತದೆ ಎಂಬುದು ನನ್ನ ವಾದ.

ಆಸ್ಟ್ರೇಲಿಯಾವನ್ನೇ ನೋಡಿ. ಅಲ್ಲಿನ ಗಣಿ ಕಂಪನಿಗಳು 1959ರಲ್ಲಿ ಅಮಿರಾ ಎಂಬ ಒಕ್ಕೂಟ ಕಟ್ಟಿಕೊಂಡು ಸಂಶೋಧನೆಯ ಖರ್ಚನ್ನು ಹಂಚಿಕೊಂಡವು. ಅದಿರು ಸಂಸ್ಕರಣೆ ಕುರಿತು 1962ರಲ್ಲಿ ಶುರುವಾದ ಅದರ ಪಿ9 ಯೋಜನೆ ದಶಕಗಟ್ಟಲೆ ನಡೆಯಿತು; ಸ್ನಾತಕೋತ್ತರ ವಿದ್ಯಾರ್ಥಿಗಳು ಗಣಿ ಘಟಕಗಳಲ್ಲೇ ಅಳತೆ ಮಾಡಿ ಪಳಗಿದರು. ಇದಕ್ಕೆ ವ್ಯತಿರಿಕ್ತವಾಗಿ ಅಮೆರಿಕ ಗಣಿ ಸಂಶೋಧನೆಗಾಗಿ 1910ರಲ್ಲಿ ಸ್ಥಾಪಿಸಿದ ಬ್ಯೂರೋ ಆಫ್ ಮೈನ್ಸ್ ಅನ್ನು 1996ರಲ್ಲಿ ಮುಚ್ಚಿತು. ಸುರಕ್ಷತೆ, ಆರೋಗ್ಯದ ವಿಭಾಗ ಬೇರೆ ಇಲಾಖೆಯ ಆಸರೆಯಲ್ಲಿ ಉಳಿಯಿತು. ದಕ್ಷಿಣ ಆಫ್ರಿಕಾದಲ್ಲಿ ಗಣಿ ಮಾಲೀಕರ ಸಂಘ 1964ರಲ್ಲಿ ಆರಂಭಿಸಿದ ಸಂಶೋಧನಾ ಸಂಸ್ಥೆ 1993ರಲ್ಲಿ ಸರ್ಕಾರಿ ಮಂಡಳಿಯೊಳಗೆ ವಿಲೀನವಾಯಿತು. ಕರಗುತ್ತ ಬಂದ ಪರಿಣತಿಯನ್ನು ಮತ್ತೆ ಕೂಡಿಸಲು 2018ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ಮಂಡೇಲಾ ಮೈನಿಂಗ್ ಪ್ರಿಸಿಂಕ್ಟ್ ಎಂಬ ಗಣಿ ಸಂಶೋಧನಾ ಕೇಂದ್ರ ತೆರೆಯಬೇಕಾಯಿತು. ಹುದ್ದೆ ಮರಳಿ ಮಂಜೂರಾದರೂ ಚದುರಿದ ತಂಡ ಹಾಗೆ ಮರಳುವುದಿಲ್ಲ.

ಅಂಕಿಯಿಲ್ಲದೆ ಅನುದಾನ ಕೇಳುವುದು ಹೇಗೆ ಎಂದು ಆಕ್ಷೇಪಿಸಬಹುದು. ಅಂಕಿ ಬೇಕು; ಅದು ಯಾವ ಖಾತೆಯದೆಂಬ ವಿವರವೂ ಜತೆಗೆ ಬೇಕು. ತಂತ್ರಜ್ಞಾನ ಕೊಂಡರೆ ಸಾಲದೇ ಎಂಬುದು ಇನ್ನೂ ಬಲವಾದ ಪ್ರಶ್ನೆ. ಯಂತ್ರವನ್ನು ಕೊಳ್ಳಬಹುದು, ಆದರೆ ಅದು ಎದುರಿಸುವ ಬಂಡೆ ಸ್ಥಳೀಯವೇ. ಮೂರು ಕಿಲೋಮೀಟರಿಗೂ ಆಳಕ್ಕಿಳಿದ ಕೋಲಾರದ ಚಿನ್ನದ ಗಣಿಗಳಲ್ಲಿ (ಕೆಜಿಎಫ್) ರಾಕ್‌ಬರ್ಸ್ಟ್, ಅಂದರೆ ಒತ್ತಡದಿಂದ ಬಂಡೆ ಒಮ್ಮೆಲೇ ಸಿಡಿಯುವುದನ್ನು ಅರಿಯಲು ಅಲ್ಲಿಯದೇ ಕಂಪನಗಳನ್ನು ವರ್ಷಾನುಗಟ್ಟಲೆ ದಾಖಲಿಸಬೇಕಾಯಿತು. ರಾಷ್ಟ್ರೀಯ ಶಿಲಾಯಂತ್ರಶಾಸ್ತ್ರ ಸಂಸ್ಥೆ 1988ರಲ್ಲಿ ಕೆಜಿಎಫ್‌ನಲ್ಲೇ ಹುಟ್ಟಿದ್ದು ಆಕಸ್ಮಿಕವಲ್ಲ. 2001ರಲ್ಲಿ ಗಣಿ ಮುಚ್ಚಿದರೂ ಸಂಸ್ಥೆ ಉಳಿದು, ಸುರಂಗ ಮತ್ತು ಜಲವಿದ್ಯುತ್ ಯೋಜನೆಗಳಿಗೂ ನೆರವಾಗುತ್ತಿದೆ.

ಆದ್ದರಿಂದ ಇಲ್ಲಿ ಮಂಡನೆಯಾಗುವ ಪ್ರತಿ ಕೋಷ್ಟಕಕ್ಕೂ ಮೂರು ಕಂಬಸಾಲು ಸೇರಿಸಿ ಎಂದು ಕೋರುತ್ತೇನೆ: ಸಂಬಳ ಕೊಡುವವರು ಯಾರು, ಗಣಿಯೊಳಗೆ ಕಳೆಯುವ ಸಮಯವೆಷ್ಟು, ತಂಡದ ಸರಾಸರಿ ಆಯುಸ್ಸೆಷ್ಟು. ಈ ಮೂರೂ ತುಂಬಿದ ಮೇಲೆ ಯಾರು ಮುಂದೆ, ಯಾರು ಹಿಂದೆ ಎಂದು ವಾದಿಸೋಣ.