ಮೊಳಕೆಯಲ್ಲಿ ಕಾಣದ ಸಿರಿ

(ಉಪನ್ಯಾಸದ ಬರಹ ರೂಪ)



'ಬೆಳೆಯುವ ಸಿರಿ ಮೊಳಕೆಯಲ್ಲಿ' ಎಂಬ ಗಾದೆ ಎಲ್ಲರಿಗೂ ಗೊತ್ತು. ಮುಂದೆ ದೊಡ್ಡವನಾಗುವವನ ಲಕ್ಷಣ ಎಳೆತನದಲ್ಲೇ ಕಾಣುತ್ತದೆ ಎಂಬುದು ಅದರ ತಾತ್ಪರ್ಯ. ಈ ಮಾತನ್ನು ಪ್ರತಿ ವರ್ಷವೂ, ಕೋಟ್ಯಂತರ ಡಾಲರ್ ಪಣಕ್ಕಿಟ್ಟು, ಪರೀಕ್ಷೆಗೆ ಒಡ್ಡುವ ಒಂದು ಕ್ಷೇತ್ರ ಉತ್ತರ ಅಮೆರಿಕದಲ್ಲಿದೆ. ಅದು ಅಲ್ಲಿನ ವೃತ್ತಿಪರ ಐಸ್ ಹಾಕಿ.

ಹಾಕಿ ಎಂದೊಡನೆ ಕನ್ನಡಿಗರಿಗೆ ಕೊಡಗಿನ ಮೈದಾನಗಳು ನೆನಪಾಗುತ್ತವೆ. ಇದು ಬೇರೆ ಆಟ. ಮಂಜುಗಡ್ಡೆಯ ಅಂಕಣದಲ್ಲಿ, ಉಕ್ಕಿನ ಅಲಗಿನ ಸ್ಕೇಟ್ ತೊಟ್ಟು, 'ಪಕ್' ಎಂಬ ರಬ್ಬರ್ ಬಿಲ್ಲೆಯನ್ನು ಕೋಲಿನಿಂದ ಗೋಲಿಗೆ ಅಟ್ಟಬೇಕು. ಇದರ ಅತಿದೊಡ್ಡ ವೇದಿಕೆ ಅಮೆರಿಕ ಮತ್ತು ಕೆನಡಾಗಳ 32 ತಂಡಗಳಿರುವ ನ್ಯಾಷನಲ್ ಹಾಕಿ ಲೀಗ್.

ಈ ತಂಡಗಳು ಹೊಸ ಹುಡುಗರನ್ನು ಪಡೆಯುವ ವಿಧಾನಕ್ಕೆ 'ಡ್ರಾಫ್ಟ್' ಎಂದು ಹೆಸರು. 1963ರಲ್ಲಿ ಮಾಂಟ್ರಿಯಲ್‌ನಲ್ಲಿ ಇದು ಆರಂಭವಾಯಿತು. ಹಿಂದಿನ ವರ್ಷ ಸೋತು ಸೊರಗಿದ ತಂಡಗಳಿಗೆ ಮುಂಚಿನ ಸರದಿ, ಗೆದ್ದವರಿಗೆ ಕೊನೆಯ ಸರದಿ. ಬಲಹೀನರು ಚೇತರಿಸಿಕೊಳ್ಳಲಿ ಎಂಬ ಉದ್ದೇಶ. ಬೇಕೆಂದೇ ಸೋಲುವ ಆಸೆ ಹುಟ್ಟದಿರಲೆಂದು 1995ರಿಂದ ಮೊದಲ ಸರದಿಗಳಿಗೆ ಲಾಟರಿಯನ್ನೂ ಸೇರಿಸಿದ್ದಾರೆ. ಆಯ್ಕೆಯಾಗುವ ಬಹುತೇಕರು ಹದಿನೆಂಟರ ಆಸುಪಾಸಿನವರು.

ಈ ಹುಡುಗರನ್ನು ಅಳೆಯುವವರು ಸ್ಕೌಟ್‌ಗಳು. ಚಳಿಗಾಲವಿಡೀ ಊರೂರು ಅಲೆದು ಪಂದ್ಯ ನೋಡುವುದೇ ಅವರ ಕಸುಬು. ಸ್ಕೇಟಿಂಗ್ ವೇಗ, ಬಿಲ್ಲೆಯ ಮೇಲಿನ ಹಿಡಿತ, ಹೊಡೆತದ ಬಿರುಸು, ಮೈಕಟ್ಟು ಇವು ಕಣ್ಣಿಗೆ ಕಾಣುತ್ತವೆ. ಆಟದ ಅರಿವು, ಅಂದರೆ ಬಿಲ್ಲೆ ಎಲ್ಲಿಗೆ ಬರಲಿದೆ ಎಂದು ಮೊದಲೇ ಗ್ರಹಿಸುವ ಶಕ್ತಿ, ಅಷ್ಟು ಸುಲಭವಾಗಿ ಕಾಣದು. ಬರೀ ಗೋಲುಗಳ ಲೆಕ್ಕವೂ ಸಾಲದು. ಯಾರ ಎದುರು ಹೊಡೆದದ್ದು, ಜೊತೆಗೆ ಎಂಥ ಆಟಗಾರರಿದ್ದರು ಎಂದು ಕೇಳಬೇಕು. ಓರಗೆಯವರ ನಡುವೆ ಐವತ್ತು ಗೋಲು ಹೊಡೆದವನಿಗಿಂತ ಸ್ವೀಡನ್ನಿನಲ್ಲಿ ಪ್ರೌಢ ವೃತ್ತಿಪರರ ನಡುವೆ ಹತ್ತು ಹೊಡೆದ ಹುಡುಗ ಹೆಚ್ಚು ಬೆಲೆಯವನಿರಬಹುದು.

ಇನ್ನೂ ಒಂದು ಮೋಸವಿದೆ. ಅದು ಹುಟ್ಟಿದ ತಿಂಗಳಿನದು. ಕೆನಡಾದಲ್ಲಿ ಮಕ್ಕಳ ತಂಡಗಳನ್ನು ವಯಸ್ಸಿನ ಪ್ರಕಾರ ವಿಂಗಡಿಸುವಾಗ ಜನವರಿ 1 ಗಡಿ. ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರಿನಲ್ಲಿ ಹುಟ್ಟಿದವನೂ ಒಂದೇ ಗುಂಪು. ಎಂಟು ಹತ್ತು ವರ್ಷದ ಮಕ್ಕಳಲ್ಲಿ ಹನ್ನೊಂದು ತಿಂಗಳ ಅಂತರವೆಂದರೆ ಎತ್ತರ, ಬಲ ಎರಡರಲ್ಲೂ ದೊಡ್ಡ ವ್ಯತ್ಯಾಸ. ದೊಡ್ಡವನನ್ನು 'ಪ್ರತಿಭಾವಂತ' ಎಂದು ಆರಿಸುತ್ತಾರೆ. ಅವನಿಗೆ ಒಳ್ಳೆಯ ತರಬೇತಿ, ಹೆಚ್ಚು ಪಂದ್ಯಗಳು. ಕೊನೆಗೆ ಅವನು ನಿಜಕ್ಕೂ ಮುಂದಾಗುತ್ತಾನೆ. ಕೆನಡಾದ ಮನೋವಿಜ್ಞಾನಿ ರೋಜರ್ ಬಾರ್ನ್ಸ್‌ಲೀ ಇದನ್ನು 1980ರ ದಶಕದಲ್ಲೇ ತೋರಿಸಿಕೊಟ್ಟರು. 1980ರಿಂದ 2006ರವರೆಗಿನ ಡ್ರಾಫ್ಟ್‌ಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಇನ್ನೂ ಮುಂದೆ ಹೋಯಿತು. ಆಯ್ಕೆಯಾದ ಕೆನಡಾದ ಹುಡುಗರಲ್ಲಿ ವರ್ಷದ ಮೊದಲ ಮೂರು ತಿಂಗಳಲ್ಲಿ ಹುಟ್ಟಿದವರು ನೂರಕ್ಕೆ ಸುಮಾರು 36, ಕೊನೆಯ ಮೂರು ತಿಂಗಳಿನವರು ಸುಮಾರು 15. ಆದರೆ ವರ್ಷದ ದ್ವಿತೀಯಾರ್ಧದಲ್ಲಿ ಹುಟ್ಟಿದವರು ಮುಂದೆ ತಮ್ಮ ಆಯ್ಕೆಯ ಕ್ರಮಾಂಕವನ್ನು ಮೀರಿ ಆಡಿದ್ದರು. ಅಂದರೆ ಪಳಗಿದ ಕಣ್ಣುಗಳೂ ಬೇಗ ಬಲಿತದ್ದನ್ನೇ ಪ್ರತಿಭೆಯೆಂದು ಎಣಿಸಿದ್ದವು.

ಹಾಗಾದರೆ ಬಲ್ಲವರೆನಿಸಿಕೊಂಡವರು ಮಾಡಿದ್ದೇನು? ಡೆಟ್ರಾಯಿಟ್ ರೆಡ್ ವಿಂಗ್ಸ್ ತಂಡವನ್ನೇ ನೋಡೋಣ. ಆ ತಂಡದ ಯೂರೋಪಿನ ಸ್ಕೌಟ್ ಸ್ವೀಡನ್ನಿನ ಹೋಕನ್ ಆಂಡರ್ಸನ್. ಬೇರೊಬ್ಬ ಆಟಗಾರನನ್ನು ನೋಡಲೆಂದು ರಷ್ಯಕ್ಕೆ ಹೋಗಿದ್ದ ಅವರ ಕಣ್ಣಿಗೆ ಸಣ್ಣ ಮೈಕಟ್ಟಿನ ಪಾವೆಲ್ ದತ್ಸ್ಯುಕ್ ಬಿದ್ದ. ಹಿಂದಿನ ಡ್ರಾಫ್ಟ್‌ಗಳಲ್ಲಿ ಯಾರೂ ಆತನನ್ನು ಕೇಳಿರಲಿಲ್ಲ. 1998ರಲ್ಲಿ ಡೆಟ್ರಾಯಿಟ್ ಆತನನ್ನು 171ನೆಯವನಾಗಿ ಆರಿಸಿತು. ಮರುವರ್ಷ 210ನೆಯ ಸ್ಥಾನದಲ್ಲಿ ಸ್ವೀಡನ್ನಿನ ಹೆನ್ರಿಕ್ ಸೆಟ್ಟರ್‌ಬರ್ಗ್ ಸಿಕ್ಕಿದ. 2008ರಲ್ಲಿ ಈ ಇಬ್ಬರ ಬಲದಿಂದ ತಂಡ ಸ್ಟಾನ್ಲಿ ಕಪ್ ಗೆದ್ದಿತು. ನಾಕೌಟ್ ಹಂತದ ಶ್ರೇಷ್ಠ ಆಟಗಾರನ ಪ್ರಶಸ್ತಿ ಸೆಟ್ಟರ್‌ಬರ್ಗ್‌ಗೆ ಸಂದಿತು.

ಈ ಕತೆಯನ್ನು ಸ್ಕೌಟ್‌ಗಳ ದಿವ್ಯದೃಷ್ಟಿಗೆ ಸಾಕ್ಷಿಯೆಂದು ಹೇಳುವುದು ವಾಡಿಕೆ. ಆದರೆ ಆ ಎರಡು ವರ್ಷಗಳ ಪಟ್ಟಿಯನ್ನು ಪೂರ್ತಿ ಓದಬೇಕು. 1998ರಲ್ಲಿ ದತ್ಸ್ಯುಕ್‌ಗಿಂತ ಮುಂಚೆ ಡೆಟ್ರಾಯಿಟ್ ತಾನೇ ಏಳು ಹುಡುಗರನ್ನು ಆರಿಸಿತ್ತು. 1999ರಲ್ಲಿ ಸೆಟ್ಟರ್‌ಬರ್ಗ್‌ಗಿಂತ ಮುಂಚೆ ಮೂವರನ್ನು. ಇವನೇ ರತ್ನ ಎಂದು ಖಚಿತವಾಗಿ ಗೊತ್ತಿದ್ದರೆ 171ರವರೆಗೆ ಯಾರು ಕಾಯುತ್ತಿದ್ದರು? ಆರಿಸಿದವರಿಗೂ ಅವರು ಆಸೆಗಳಷ್ಟೇ ಆಗಿದ್ದರು.

1998ರ ಆ ಏಳರಲ್ಲಿ ದೊಡ್ಡ ಲೀಗಿನಲ್ಲಿ ನೆಲೆ ನಿಂತವನು ಮೊದಲ ಆಯ್ಕೆಯ ಯಿರಿ ಫಿಷರ್ ಒಬ್ಬನೇ. ಎತ್ತರದ ಆಳು, ಚೆಕ್ ದೇಶದವನು. 2002ರ ಕಪ್ ಗೆಲುವಿನಲ್ಲಿ ಆಡಿದವನು. 2005ರ ನವೆಂಬರ್ 21ರಂದು ಪಂದ್ಯದ ನಡುವೆ ತಂಡದ ಬೆಂಚಿನ ಮೇಲೆಯೇ ಆತನ ಹೃದಯ ನಿಂತುಹೋಯಿತು. ವೈದ್ಯರು ಬದುಕಿಸಿದರು. ಮತ್ತೆ ಆಡಲಾಗಲಿಲ್ಲ. ಇಂಥದ್ದು ಯಾವ ಸ್ಕೌಟ್‌ನ ಟಿಪ್ಪಣಿಯಲ್ಲೂ ಇರುವುದಿಲ್ಲ. ಮುಂದೆ ಅದೇ ಸಂಸ್ಥೆಯಲ್ಲಿ ಎಳೆಯ ಆಟಗಾರರ ಬೆಳವಣಿಗೆಯ ಹೊಣೆ ಹೊತ್ತವರು ಇದೇ ಫಿಷರ್.

ಡೆಟ್ರಾಯಿಟ್‌ನ ನಿಜವಾದ ಗುಣ ತಾಳ್ಮೆ. ದತ್ಸ್ಯುಕ್ 2001ರವರೆಗೆ ರಷ್ಯದಲ್ಲಿ, ಸೆಟ್ಟರ್‌ಬರ್ಗ್ 2002ರವರೆಗೆ ಸ್ವೀಡನ್ನಿನಲ್ಲಿ ಆಡಿಕೊಂಡಿದ್ದರು. ಕಾಯನ್ನು ಗಿಡದಲ್ಲೇ ಹಣ್ಣಾಗಲು ಬಿಟ್ಟರು. ಆದರೆ ತಾಳ್ಮೆ ಉಳ್ಳವರ ಸೊತ್ತು ಎಂಬುದನ್ನೂ ಮರೆಯಬಾರದು. ಆಗ ಗೆಲ್ಲಿಸಿಕೊಡಲು ಡೆಟ್ರಾಯಿಟ್‌ನಲ್ಲಿ ಸ್ಟೀವ್ ಐಜರ್ಮನ್, ನಿಕ್ಲಾಸ್ ಲಿಡ್‌ಸ್ಟ್ರಮ್‌ರಂಥ ಘಟಾನುಘಟಿಗಳಿದ್ದರು. ಹೊಸ ಹುಡುಗನ ಅವಸರವಿರಲಿಲ್ಲ.

ಅವಸರವಿದ್ದದ್ದು ಒಟ್ಟಾವಾ ಸೆನೆಟರ್ಸ್‌ಗೆ. 1992-93ರ ತನ್ನ ಮೊದಲ ಋತುವಿನಲ್ಲಿ 84 ಪಂದ್ಯಗಳಲ್ಲಿ ಅದು ಗೆದ್ದದ್ದು ಹತ್ತು. 1993ರಲ್ಲಿ ಮೊದಲನೆಯವನಾಗಿ ಅಲೆಕ್ಸಾಂಡರ್ ಡೇಗ್ಲ್ ಎಂಬ ಹದಿನೆಂಟರ ಹುಡುಗನನ್ನು ಆರಿಸಿ, ಐದು ವರ್ಷಕ್ಕೆ 1.225 ಕೋಟಿ ಡಾಲರ್ ಕೊಟ್ಟು, ನೇರವಾಗಿ ಅಂಕಣಕ್ಕಿಳಿಸಿತು. ಊರನ್ನು ಉದ್ಧರಿಸುವ ಭಾರ ಆ ಹೆಗಲ ಮೇಲೆ ಬಿತ್ತು. ಅದು ಆಗಲಿಲ್ಲ. 1998ರಲ್ಲಿ ಆತನನ್ನು ಬೇರೆ ತಂಡಕ್ಕೆ ಸಾಗಹಾಕಿದರು. ಅದೇ ಡ್ರಾಫ್ಟ್‌ನಲ್ಲಿ ಎರಡನೆಯವನಾಗಿ ಹೋದ ಕ್ರಿಸ್ ಪ್ರಾಂಗರ್ 2000ದಲ್ಲಿ ಲೀಗಿನ ಶ್ರೇಷ್ಠ ಆಟಗಾರನಾದ. ಡೇಗ್ಲ್ ನೂರಾರು ಪಂದ್ಯ ಆಡಿದರೂ ಆತನ ಹೆಸರು ಇಂದಿಗೂ 'ವಿಫಲ ಆಯ್ಕೆ'ಗಳ ಪಟ್ಟಿಯಲ್ಲೇ ಬರುತ್ತದೆ. ತಪ್ಪು ಅಳೆದವರದು, ಕಳಂಕ ಅಳೆಸಿಕೊಂಡವನದು.

ಕಾಯ್ದರೆ ಎಲ್ಲವೂ ಸರಿಹೋಗುತ್ತದೆಯೇ? ಅದೂ ಇಲ್ಲ. ಮುಂದೆ ಡೆಟ್ರಾಯಿಟ್ ತಾನೇ ಕೆಳಗಿಳಿದಾಗ ಮುಂಚಿನ ಸರದಿಗಳು ಬಂದವು. 2018ರಲ್ಲಿ ಆರನೆಯ ಸ್ಥಾನದಲ್ಲಿ ಫಿಲಿಪ್ ಜಾಡಿನಾ ಸಿಕ್ಕಾಗ, ಇಂಥವನು ಇಲ್ಲಿಯವರೆಗೆ ಉಳಿದದ್ದೇ ಅದೃಷ್ಟವೆಂದು ಮೆಚ್ಚಿದವರು ಬಹಳ. 2019ರಲ್ಲಿ ಅದೇ ಆರನೆಯ ಸ್ಥಾನದಲ್ಲಿ ಜರ್ಮನಿಯ ಮೊರಿಟ್ಜ್ ಸೈಡರ್‌ನನ್ನು ಆರಿಸಿದಾಗ ಹಲವರು ಹುಬ್ಬೇರಿಸಿದರು. ಇಬ್ಬರನ್ನೂ ಮೊದಲು ಕೆಳಹಂತದ ತಂಡದಲ್ಲಿ ಪಳಗಿಸಲಾಯಿತು. 2022ರಲ್ಲಿ ಸೈಡರ್ ವರ್ಷದ ಶ್ರೇಷ್ಠ ಹೊಸ ಆಟಗಾರನೆನಿಸಿದ. 2023ರಲ್ಲಿ ಜಾಡಿನಾನ ಒಪ್ಪಂದ ಪರಸ್ಪರ ಸಮ್ಮತಿಯಿಂದ ರದ್ದಾಯಿತು. ತಂಡ ಒಂದೇ, ಕ್ರಮಾಂಕ ಒಂದೇ, ಫಲ ಬೇರೆ.

ಆದ್ದರಿಂದ ಎಳೆಯರನ್ನು ಅಳೆಯಲೇಬಾರದು ಎಂದಲ್ಲ. ಅಳೆಯದೆ ಯಾವ ತಂಡವೂ ನಡೆಯದು. ಅಳತೆಯನ್ನು ತೀರ್ಪೆಂದು ತಿಳಿಯಬಾರದು, ಅಷ್ಟೆ. ಹದಿನೆಂಟರಲ್ಲಿ ಬರೆದಿಟ್ಟ ಟಿಪ್ಪಣಿಯನ್ನು ಇಪ್ಪತ್ತರಲ್ಲಿ, ಇಪ್ಪತ್ತೆರಡರಲ್ಲಿ ಮತ್ತೆ ತೆರೆದು ತಿದ್ದುವ ಮನಸ್ಸಿರಬೇಕು. 171ನೆಯವನಾಗಿ ಬಂದ ದತ್ಸ್ಯುಕ್‌ಗೆ ಹಾಕಿಯ 'ಹಾಲ್ ಆಫ್ ಫೇಮ್' ಗೌರವ ಸಂದದ್ದು 2024ರಲ್ಲಿ, ಆಯ್ಕೆಯಾದ ಇಪ್ಪತ್ತಾರು ವರ್ಷಗಳ ಮೇಲೆ. ಸಿರಿ ಆ ಮೊಳಕೆಯಲ್ಲೂ ಇತ್ತು. ಅದನ್ನು ಕಾಣಲು ಅಷ್ಟು ಕಾಲ ಹಿಡಿಯಿತು.