ಮಿದುಳಿನ ಚಿತ್ರ, ಮನಸ್ಸಿನ ಪರೀಕ್ಷೆ

ಮನಸ್ಸಿನ ರೋಗಕ್ಕೆ ದೇಹದಲ್ಲಿ ನೆಲೆಯುಂಟೆ ಎಂಬ ಪ್ರಶ್ನೆ ಬಹಳ ಹಳೆಯದು. ಜ್ವರ ಬಂದವನ ಮೈಯನ್ನು ಮುಟ್ಟಿ ನೋಡಬಹುದು; ಮುರಿದ ಮೂಳೆಯನ್ನು ಕ್ಷ-ಕಿರಣದ ಚಿತ್ರದಲ್ಲಿ ಕಾಣಬಹುದು. ಇಲ್ಲದ ದನಿಗಳನ್ನು ಕೇಳುವವನ, ನಿಷ್ಕಾರಣವಾಗಿ ಶಂಕಿಸುವವನ, ದಿನೇ ದಿನೇ ತನ್ನೊಳಗೇ ಮುದುಡಿಕೊಳ್ಳುವವನ ಸಂಕಟಕ್ಕೆ ಅಂಥ ಗುರುತು ಯಾವುದು? ಸ್ಕಿಜೋಫ್ರೀನಿಯಾ ಅಥವಾ ಛಿದ್ರಮನಸ್ಕತೆ ಎಂದು ಕರೆಯುವ ರೋಗವನ್ನು ಉದಾಹರಣೆಯಾಗಿಟ್ಟುಕೊಂಡು, ಮಿದುಳಿನ ಚಿತ್ರಗಳು ಈ ಪ್ರಶ್ನೆಗೆ ಎಷ್ಟರಮಟ್ಟಿಗೆ ಉತ್ತರ ಕೊಟ್ಟಿವೆಯೆಂಬುದನ್ನು ವಿಚಾರಿಸೋಣ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜರ್ಮನ್ ವೈದ್ಯ ಎಮಿಲ್ ಕ್ರೆಪೆಲಿನ್ ಈ ರೋಗಕ್ಕೆ ಕೊಟ್ಟ ಹೆಸರಿನ ಅರ್ಥ 'ಅಕಾಲದ ಬುದ್ಧಿಕ್ಷಯ' ಎಂದು. ಭ್ರಮೆಗಳ ಜೊತೆಗೆ ರೋಗಿಯ ಬುದ್ಧಿಶಕ್ತಿಯೂ ಕುಂದುವುದನ್ನು ಅವರು ಗಮನಿಸಿದ್ದರು. ದೋಷ ಮಿದುಳಿನಲ್ಲಿಯೇ ಇರಬೇಕೆಂದು ಊಹಿಸಿದ್ದರು. ಆದರೆ ಮೃತರ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದವರಿಗೆ ಖಚಿತವಾದುದೇನೂ ದೊರೆಯಲಿಲ್ಲ. ದೇಹದಲ್ಲಿ ಕಾರಣ ಕಾಣದಿದ್ದಾಗ ಅದನ್ನು ಮನೆಯಲ್ಲಿ ಹುಡುಕುವುದು ನಡೆಯಿತು. ತಾಯಿಯ ನಡವಳಿಕೆಯೇ ಮಗುವಿನಲ್ಲಿ ಈ ರೋಗವನ್ನು ಹುಟ್ಟಿಸುತ್ತದೆಂಬ ಅರ್ಥದ ಒಂದು ಪದವನ್ನು 1948ರಲ್ಲಿ ಫ್ರೀಡಾ ಫ್ರಾಮ್-ರೈಕ್‌ಮನ್ ಬಳಸಿದರು. ಅದು ಅಮೆರಿಕದಲ್ಲಿ ಎಷ್ಟೋ ವರ್ಷ ಚಲಾವಣೆಯಲ್ಲಿತ್ತು. ಮಗನ ಸಂಕಟವನ್ನು ಕಣ್ಣಾರೆ ಕಾಣುತ್ತಿದ್ದ ತಾಯಿಯ ತಲೆಯ ಮೇಲೆ ಅದರ ಅಪರಾಧವನ್ನೂ ಹೊರಿಸಿದಂತಾಯಿತು.

1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ, ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ರೂಪಿಸಿದ ಯಂತ್ರದಿಂದ ಮೊದಲ ಬಾರಿಗೆ ರೋಗಿಯೊಬ್ಬರ ಮಿದುಳಿನ ಚಿತ್ರವನ್ನು ತೆಗೆಯಲಾಯಿತು. ತಲೆಯ ಸುತ್ತ ಹಲವು ದಿಕ್ಕುಗಳಿಂದ ಕ್ಷ-ಕಿರಣ ಹಾಯಿಸಿ, ಹೊರಬಂದ ಕಿರಣವನ್ನು ಅಳೆದು, ಆ ಅಳತೆಗಳಿಂದ ಮಿದುಳಿನ ಅಡ್ಡಸೀಳಿನ ಚಿತ್ರವನ್ನು ಗಣಕಯಂತ್ರ ಕಟ್ಟಿಕೊಡುತ್ತದೆ. ಸಿ.ಟಿ. ಸ್ಕ್ಯಾನ್ ಎಂದು ಈಗ ಎಲ್ಲರೂ ಬಲ್ಲ ಕ್ರಮ ಇದೇ.

ಐದು ವರ್ಷಗಳ ಬಳಿಕ, 1976ರಲ್ಲಿ, ಇಂಗ್ಲೆಂಡಿನ ನಾರ್ತ್‌ವಿಕ್ ಪಾರ್ಕ್‌ನಲ್ಲಿ ಈವ್ ಜಾನ್‌ಸ್ಟೋನ್, ಟಿಮ್ ಕ್ರೋ ಮತ್ತು ಅವರ ಸಂಗಡಿಗರು ದೀರ್ಘಕಾಲದಿಂದ ಈ ರೋಗವಿದ್ದ 17 ಮಂದಿಯ ಮಿದುಳನ್ನು 8 ಮಂದಿ ಆರೋಗ್ಯವಂತರ ಮಿದುಳಿನೊಡನೆ ಹೋಲಿಸಿದರು. ಮಿದುಳಿನ ನಡುವೆ ದ್ರವ ತುಂಬಿದ ಕುಹರಗಳಿವೆ. ರೋಗಿಗಳಲ್ಲಿ ಅವು ಹಿಗ್ಗಿದ್ದವು. ಆ ಸಂಶೋಧಕರು ಅಷ್ಟಕ್ಕೇ ನಿಲ್ಲದೆ ಬುದ್ಧಿಶಕ್ತಿಯ ಪರೀಕ್ಷೆಗಳನ್ನೂ ಮಾಡಿದ್ದರು. ಕುಹರ ದೊಡ್ಡದಾಗಿದ್ದ ರೋಗಿಗಳಲ್ಲಿ ಬುದ್ಧಿಶಕ್ತಿಯ ಕುಂದೂ ಹೆಚ್ಚಾಗಿತ್ತು. ಪರೀಕ್ಷೆಯ ಪಕ್ಕದಲ್ಲಿ ಇಟ್ಟಾಗಲೇ ಚಿತ್ರಕ್ಕೆ ಅರ್ಥ ಬಂದಿತು. ತಾಯಂದಿರ ಮೇಲಿನ ಆರೋಪವೂ ಸಡಿಲವಾಗತೊಡಗಿತು.

ಮುಂದೆ ಎಂ.ಆರ್.ಐ. ಬಂದಿತು. 1990ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ, ಒಬ್ಬರಿಗೆ ರೋಗವಿದ್ದು ಮತ್ತೊಬ್ಬರಿಗೆ ಇಲ್ಲದ 15 ಏಕರೂಪ ಅವಳಿ ಜೋಡಿಗಳನ್ನು ಕುರಿತದ್ದು. 12 ಜೋಡಿಗಳಲ್ಲಿ ರೋಗಿ ಯಾರೆಂಬುದನ್ನು ಚಿತ್ರ ನೋಡಿಯೇ ಹೇಳಲು ಸಾಧ್ಯವಾಯಿತು. ಆದರೆ ಅಳತೆಗೋಲಾಗಿ ಪಕ್ಕದಲ್ಲಿ ಒಡಹುಟ್ಟಿದವರಿದ್ದರೆಂಬುದನ್ನು ಮರೆಯಬಾರದು. ಒಂಟಿಯಾಗಿ ನೋಡಿದರೆ ಸಹಜವೆನ್ನಿಸುವ ಮಿದುಳೂ ಅವಳಿಯದರ ಮುಂದೆ ಬೇರೆಯಾಗಿ ಕಂಡೀತು.

ಕೆಲಸದಲ್ಲಿ ತೊಡಗಿದ ಮಿದುಳನ್ನೂ ಅಳೆಯಲಾಗಿದೆ. ಬಣ್ಣ, ಆಕಾರ ಅಥವಾ ಸಂಖ್ಯೆಯ ಪ್ರಕಾರ ಚೀಟಿಗಳನ್ನು ವಿಂಗಡಿಸುವ ಪರೀಕ್ಷೆಯೊಂದಿದೆ. ನಿಯಮವನ್ನು ಹೇಳದೆಯೇ ನಡುವೆ ಬದಲಾಯಿಸುತ್ತಾರೆ. ಈ ಪರೀಕ್ಷೆ ನಡೆಯುತ್ತಿರುವಾಗ ಹಣೆಯ ಹಿಂದಿನ ಮಿದುಳಿನ ಒಂದು ಭಾಗಕ್ಕೆ ಆರೋಗ್ಯವಂತರಲ್ಲಿ ರಕ್ತದ ಹರಿವು ಏರುತ್ತದೆ. ರೋಗಿಗಳಲ್ಲಿ ಹಾಗೆ ಏರಲಿಲ್ಲವೆಂದು ಡೇನಿಯಲ್ ವೈನ್‌ಬರ್ಗರ್ ಮತ್ತು ಸಂಗಡಿಗರು 1986ರಲ್ಲಿ ವರದಿಮಾಡಿದರು. ಇಲ್ಲಿ ಒಂದು ಸಂದೇಹ ಸಹಜ. ಮಿದುಳು ಸೋತದ್ದರಿಂದ ಪರೀಕ್ಷೆ ಕೆಟ್ಟಿತೋ, ರೋಗಿ ಬೇಸತ್ತು ಕೈಬಿಟ್ಟದ್ದರಿಂದ ರಕ್ತದ ಹರಿವು ಏರಲಿಲ್ಲವೋ? ಚಿತ್ರವೊಂದೇ ಇದನ್ನು ಬಿಡಿಸಿ ಹೇಳಲಾರದು. ಔಷಧಗಳ ಪರಿಣಾಮದ ಪ್ರಶ್ನೆಯೂ ಉಂಟು. ಅದಕ್ಕಾಗಿಯೇ ಬೆಂಗಳೂರಿನ ನಿಮ್ಹಾನ್ಸ್ ಸೇರಿದಂತೆ ಹಲವೆಡೆ, ಔಷಧವನ್ನು ಇನ್ನೂ ಆರಂಭಿಸದ ರೋಗಿಗಳ ಮಿದುಳಿನ ಚಿತ್ರಗಳನ್ನು ಅಧ್ಯಯನಮಾಡಿದ್ದಾರೆ.

ಹಲವು ದೇಶಗಳ 2028 ರೋಗಿಗಳನ್ನೂ 2540 ಆರೋಗ್ಯವಂತರನ್ನೂ ಹೋಲಿಸಿದ ಅಧ್ಯಯನವೊಂದು 2016ರಲ್ಲಿ ಅಚ್ಚಾಯಿತು. ಸ್ಮರಣೆಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಎಂಬ ಭಾಗ ರೋಗಿಗಳಲ್ಲಿ ಸರಾಸರಿಯಾಗಿ ಕಿರಿದಾಗಿತ್ತು. ಇದು ಸರಾಸರಿಯ ಮಾತು. ಎರಡು ಗುಂಪುಗಳ ಅಳತೆಗಳು ಬಹುಪಾಲು ಒಂದರೊಳಗೊಂದು ಬೆರೆತಿವೆ. ಎದುರಿಗೆ ಕುಳಿತ ಒಬ್ಬ ವ್ಯಕ್ತಿಯ ಚಿತ್ರವನ್ನಷ್ಟೇ ನೋಡಿ ಈತನಿಗೆ ಛಿದ್ರಮನಸ್ಕತೆಯಿದೆ ಎಂದು ಹೇಳಲು ಇಂದಿಗೂ ಆಗದು. ಗೆಡ್ಡೆ, ರಕ್ತಸ್ರಾವ ಮೊದಲಾದ ಬೇರೆ ಕಾರಣಗಳಿಲ್ಲವೆಂದು ಖಚಿತಪಡಿಸಿಕೊಳ್ಳಲು ಸ್ಕ್ಯಾನ್ ನೆರವಾಗುತ್ತದೆ. ರೋಗವನ್ನು ನಿರ್ಣಯಿಸುವುದಕ್ಕೆ ವೈದ್ಯರು ರೋಗಿಯ ಮಾತನ್ನೂ ಮನೆಯವರ ಮಾತನ್ನೂ ಕೇಳಲೇಬೇಕು.

ಹಾಗಾದರೆ ಈ ಶ್ರಮವೆಲ್ಲ ಏತಕ್ಕೆ? ಔಷಧಗಳು ಭ್ರಮೆಯ ದನಿಗಳನ್ನು ಬಹುಮಟ್ಟಿಗೆ ಅಡಗಿಸಬಲ್ಲವು. ಕುಂದಿದ ಸ್ಮರಣೆಗೆ, ಚದುರಿದ ಅವಧಾನಕ್ಕೆ ಅವುಗಳಿಂದಾಗುವ ಉಪಕಾರ ಅಲ್ಪ. ಗುಣವಾದನೆಂದು ಮನೆಗೆ ಮರಳಿದ ಯುವಕ ಹೇಳಿದ ಕೆಲಸವನ್ನು ಮರೆತಾಗ, ಓದಿದ ಪುಟವನ್ನೇ ಮತ್ತೆ ಓದಿದಾಗ, ನಾವು ಅದನ್ನು ಸೋಮಾರಿತನವೆನ್ನುತ್ತೇವೆ. ಮಿದುಳಿನ ಚಿತ್ರಗಳು ಕಲಿಸಿದ ಪಾಠ ಇಲ್ಲಿ ಪ್ರಯೋಜನಕ್ಕೆ ಬರಬೇಕು. ಅದು ಸೋಮಾರಿತನವಲ್ಲ, ರೋಗದ್ದೇ ಒಂದು ಅಂಗ. ಆ ತಿಳಿವಳಿಕೆಯಿಂದ ಮನೆಯವರ ಸಹನೆ ಒಂದಿಷ್ಟು ಹೆಚ್ಚಿದರೆ, ಹೇಳಿದ್ದನ್ನು ಎರಡನೆಯ ಸಲ ಸಮಾಧಾನದಿಂದ ಹೇಳುವಂತಾದರೆ, ಆ ಯುವಕನ ದಿನ ಅಷ್ಟರಮಟ್ಟಿಗೆ ಹಗುರವಾಗುತ್ತದೆ.